ಬೆಳಕಿಗೆ ಅಡ್ಡ ಹಿಡಿದ ಆಮಂತ್ರಣ ಪತ್ರಿಕೆ

ಅನುರಣಿಸುವ ಸಾಂದ್ರ ವಸ್ತುವಿನೊಳಗೆ ಬೆಳಕಿನ ಕಿರುಸ್ಪಂದವೊಂದು ಹೊಕ್ಕಾಗ ಆ ವಸ್ತು ಅದನ್ನು ನುಂಗಿಬಿಡುತ್ತದೆಯೋ, ತಡೆದು ತಡೆದು ಮುಂದಕ್ಕೆ ಕಳಿಸುತ್ತದೆಯೋ, ಇಲ್ಲವೇ ನೆನಪಿಟ್ಟುಕೊಂಡು ಸ್ವಲ್ಪ ಹೊತ್ತಿನ ಮೇಲೆ ತಾನೇ ಮರುನುಡಿಯುತ್ತದೆಯೋ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದವರು ನಮ್ಮ ನಾಡಿನಲ್ಲಿ ತೀರ ವಿರಳ. ಆ ವಿರಳರಲ್ಲಿಯೂ ದೊಡ್ಡ ಪ್ರಯೋಗಾಲಯದ ಆಸರೆಯಿಲ್ಲದೆ, ರಾಜಾಜಿನಗರದ ಪದವಿ ಕಾಲೇಜೊಂದರ ಸ್ಟಾಫ್ ರೂಮಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಒಂದು ಪೆನ್ಸಿಲು ಮತ್ತು ಅಪಾರ ತಾಳ್ಮೆಯ ಬಲದಿಂದ ಅದನ್ನು ಬೆನ್ನುಹತ್ತಿದವರೆಂದರೆ ಪ್ರೊ. ಚನ್ನಮಲ್ಲಪ್ಪನವರು. ಕಾಲು ಶತಮಾನಕ್ಕೂ ಮೀರಿದ ಅಧ್ಯಾಪನದ ನಂತರ ಈ 1979ರಲ್ಲಿ ಅವರು ನಿವೃತ್ತರಾಗುತ್ತಿರುವಾಗ ಅವರ ಗುಣಗಳನ್ನು ಬರೆಯುವುದು ಕಷ್ಟವಲ್ಲ. ಆದರೆ ಗುಣಗಳಿಂದಲೇ ಆರಂಭಿಸಲು ಅವರು ಬಿಡಲಿಲ್ಲ.

ಈ ಅಭಿನಂದನ ಗ್ರಂಥದ ವಿಚಾರವಾಗಿ ಅನುಮತಿ ಕೇಳಲು ಪ್ರಿನ್ಸಿಪಾಲರಾದ ಗುರುಸಿದ್ದಯ್ಯನವರು ವಿಜಯನಗರದ ಅವರ ಮನೆಗೆ ಹೋದಾಗ ನಡೆದ ಮಾತು ಹೀಗಿದೆ.

"ಬರೀರಿ, ಬೇಡ ಅನ್ನಲ್ಲ. ಆದ್ರೆ ಜೀರೋ ಎರರ್ ಮೊದಲು ಬರೀರಿ" ಎಂದರು ಚನ್ನಮಲ್ಲಪ್ಪನವರು.

"ಅದೇನ್ ಸ್ವಾಮಿ ಜೀರೋ ಎರರ್ರು?"

ಉತ್ತರ ಅಡುಗೆಮನೆಯಿಂದ ಬಂತು. "ನಿಮ್ಮ ಕಾಲೇಜಿನ ಬಸವರಾಜೇಶ್ವರಿ ಮೇಲಿನ ಹೊಟ್ಟೆಕಿಚ್ಚು, ಇನ್ನೇನು! ಇವ್ರ ಮೈಯಲ್ಲಿ ಬೇರೆ ಯಾವ ಎರರ್ ಇದೆ?" ಎಂದರು ಅವರ ಧರ್ಮಪತ್ನಿ ಜಗದಾಂಬಾ ಅವರು, ಕಾಫಿಯ ಲೋಟ ಹಿಡಿದು ಹೊರಬರುತ್ತ.

ಗುರುಸಿದ್ದಯ್ಯನವರು ಕಾಫಿಯನ್ನು ಬೇಗ ಬೇಗ ಕುಡಿದು ಎದ್ದರು. ಅಭಿನಂದನ ಗ್ರಂಥದಲ್ಲಿ ಹೊಟ್ಟೆಕಿಚ್ಚನ್ನು ಯಾವ ಪುಟಕ್ಕೆ ಹಾಕುವುದೆಂಬ ಚಿಂತೆ ಅವರಿಗೆ. ಆದರೂ ಸನ್ಮಾನಿತರ ಇಚ್ಛೆಯನ್ನು ಮೀರುವಂತಿಲ್ಲವಾದ್ದರಿಂದ ಈ ಲೇಖನ ಅದನ್ನೇ ಹಿಡಿದು ಸಾಗುತ್ತದೆ.

ಚನ್ನಮಲ್ಲಪ್ಪನವರ ಶಿಷ್ಯರಿಗೆ ಜೀರೋ ಎರರ್ ಎಂದರೇನೆಂದು ಹೇಳಬೇಕಾಗಿಲ್ಲ. ಪ್ರಥಮ ವರ್ಷದ ಪ್ರಾಕ್ಟಿಕಲ್ ತರಗತಿಯಲ್ಲಿ, ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜನ್ನು ಕೈಗೆ ಕೊಡುವ ಮುನ್ನ ಅವರು ಪ್ರತಿಯೊಬ್ಬರಿಂದಲೂ ಅದರ ಬಾಯನ್ನು ಬರಿದಾಗಿ ಮುಚ್ಚಿಸುತ್ತಿದ್ದರು. ನಡುವೆ ಏನೂ ಇಲ್ಲದಿರುವಾಗ ಸೊನ್ನೆ ತೋರಿಸಬೇಕಾದ ಗೆರೆ ತುಸು ಆಚೆಗೋ ಈಚೆಗೋ ಸರಿದಿದ್ದರೆ ಅದನ್ನು ಹಾಳೆಯ ತಲೆಯ ಮೇಲೆ ಬರೆಸಿ ಆಮೇಲೆ ತಂತಿಯನ್ನು ಅಳೆಯಲು ಬಿಡುವುದು ಅವರ ಪದ್ಧತಿ. "ಉಪಕರಣ ಅಂದ್ಮೇಲೆ ಒಂದು ಕುಂದು ಇದ್ದೇ ಇರುತ್ತೆ ಕಣ್ರೋ. ಇರೋದು ತಪ್ಪಲ್ಲ. ಹೇಳದೆ ಅಳೆಯೋದು ತಪ್ಪು" ಎನ್ನುತ್ತಿದ್ದರು. ಸೊನ್ನೆಯ ಕುಂದನ್ನು ಬರೆಯದ ವಿದ್ಯಾರ್ಥಿಯ ಉತ್ತರ ಸರಿಯಿದ್ದರೂ ಹಾಳೆ ವಾಪಸ್ಸು. ಆದರೆ ಅದೇ ಕೈ, ಕುರುಬರಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬ ಪ್ರಿಸಮ್ಮನ್ನು ಬೀಳಿಸಿ ಒಡೆದು ಅಳುತ್ತ ನಿಂತಾಗ, "ನಾನೇ ಬೀಳಿಸಿದೆ" ಎಂದು ಒಡೆದ ಸಾಮಾನುಗಳ ಪುಸ್ತಕಕ್ಕೆ ರುಜು ಹಾಕಿತು.

ಅವರು ಹುಟ್ಟಿದ್ದು ಹರಪನಹಳ್ಳಿಯ ಕಡೆ. ತಂದೆ ಕರಿಬಸಪ್ಪನವರು ಶ್ರಾವಣದ ಸಂಜೆಗಳಲ್ಲಿ ಊರಿನ ಮಠದಲ್ಲಿ ಪುರಾಣ ಓದುತ್ತಿದ್ದರು. ಬಾಲಕ ಚನ್ನಮಲ್ಲಪ್ಪ ಕಂಬಕ್ಕೆ ಒರಗಿ ಕೇಳುತ್ತಿದ್ದ. ಷಟ್ಪದಿಯ ಕೊನೆಯ ಸಾಲನ್ನು ತಂದೆ ಎಳೆದು ನಿಲ್ಲಿಸಿದ ಮೇಲೂ ಪದ್ಯ ಆ ಕಂಬಗಳ ನಡುವೆ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಉಳಿಯುವುದು ಗೋಡೆಯಲ್ಲೋ, ಕೇಳಿದವರ ಎದೆಯಲ್ಲೋ? ಒಂದು ದಿನ ಕೇಳಿಯೇಬಿಟ್ಟ. ಕರಿಬಸಪ್ಪನವರು ಪುಸ್ತಕವನ್ನು ವಸ್ತ್ರದಲ್ಲಿ ಸುತ್ತುತ್ತ, "ಮಂದಿ ಇಲ್ದಾಗ ಬಂದು ಓದಿ ನೋಡಲೇ. ಆವಾಗ್ಲೂ ಕೇಳಿಸಿದ್ರ ಅದು ಗ್ವಾಡಿದು" ಎಂದರಂತೆ. ಮರುದಿನ ಮಧ್ಯಾಹ್ನ ಆತ ಖಾಲಿ ಮಠದಲ್ಲಿ ಓದಿ ನೋಡಿದ. ಸ್ವಲ್ಪ ಕೇಳಿಸಿತು. ಸಂಜೆ ಕೇಳಿಸಿದಷ್ಟು ಕೇಳಿಸಲಿಲ್ಲ.

ಬೆಂಗಳೂರಿಗೆ ಬಂದು, ಓದಿ, ನಮ್ಮ ಕಾಲೇಜು ಸೇರಿ, ಮದುವೆಯಾಗಿ, ವಿಜಯನಗರದ ಬಯಲಿನಲ್ಲಿ ಮನೆ ಕಟ್ಟಿಕೊಂಡ ಮೇಲೂ ಅವರು ಮೂಲತಃ ಕೇಳುಗರಾಗಿಯೇ ಉಳಿದರು. ಸೋಮವಾರ ಸಂಜೆ ಬಿನ್ನಿಪೇಟೆಯ ಮಠದ ವಾಚನಕ್ಕೆ ತಪ್ಪದೆ ಹಾಜರಿ, ಆದರೆ ಎಂದೂ ಮುಂದಿನ ಸಾಲಿನಲ್ಲಿ ಕೂತವರಲ್ಲ. ಅರವತ್ತರ ದಶಕದ ಕೊನೆಯಲ್ಲಿ ಬೆಳಕಿಗೂ ಮಾರ್ದನಿಯುಂಟೆಂಬ ವಿಷಯವನ್ನು ವಿದೇಶದ ಪತ್ರಿಕೆಗಳಲ್ಲಿ ಓದಿದಾಗ ಅವರ ಮನಸ್ಸು ಆ ಕಂಬದ ಬುಡಕ್ಕೇ ಹೋಗಿ ಕುಳಿತಿರಬೇಕು. ಅಲ್ಲಿಂದ ಮುಂದೆ ಅವರಿಗೆ ಬೇರೆ ವಿಷಯವೇ ಇಲ್ಲವಾಯಿತು.

ವಿಷಯ ಕಠಿಣ. ಆದರೆ ಅದನ್ನು ಅವರು ತರಗತಿಯಲ್ಲಿ ಹೇಳುತ್ತಿದ್ದ ರೀತಿಯನ್ನು ಯಾರೂ ಮರೆಯರು. "ಬಿನ್ನಿಪೇಟೆಯ ಮಠದ ಬಾಗಿಲಿಂದ ಕೆಂಗೇರಿ ಕಡೆಗೆ ಒಂದು ಗುಂಪು ಪಾದಯಾತ್ರೆ ಹೊರಟಿದೆ ಅನ್ನಿ. ಶಂಖ ಊದಿದ ಕೂಡಲೆ ಎಲ್ರೂ ಒಟ್ಟಿಗೇ ಹೊರಟ್ರು. ಸ್ವಲ್ಪ ಹೊತ್ತಾದ ಮೇಲೆ? ಗಟ್ಟಿಗ ನಾಯಂಡಹಳ್ಳಿ ಮುಟ್ಟಿರ್ತಾನೆ, ಮುದುಕಪ್ಪ ಇನ್ನೂ ಅರ್ಧ ದಾರೀಲಿರ್ತಾನೆ. ಗುಂಪು ಚೆದುರಿಹೋಯ್ತು. ಆಗ ಇನ್ನೊಂದ್ ಸಲ ಶಂಖ. ಎಲ್ರೂ ಇದ್ದಲ್ಲೇ ತಿರುಗಿ ವಾಪಸ್ ನಡೀಬೇಕು. ಈಗ ನೋಡಿ ಮಜಾ. ದೂರ ಹೋದೋನು ಜೋರಾಗಿ ನಡೆಯೋನು, ಹತ್ತಿರ ಇರೋನು ನಿಧಾನದೋನು. ಮಠದ ಬಾಗಿಲಿಗೆ ಎಲ್ರೂ ಒಂದೇ ಗಳಿಗೆಗೆ! ಆ ಬಾಗಿಲಲ್ಲಿ ಏಳೋ ಗದ್ದಲ ಇದೆಯಲ್ಲ, ಅದನ್ನ ಯಾರೂ ಊದಿದ್ದಲ್ಲ. ಅದೇ ಎಕೋ." ಆ ಯಾತ್ರಿಕರೇ ಬೆಳಕು ಹೊಕ್ಕ ಆವಿಯಲ್ಲಿರುವ ಅಣುಗಳು, ಎರಡು ಶಂಖಗಳೇ ಒಂದರ ಹಿಂದೊಂದು ಬರುವ ಬೆಳಕಿನ ಎರಡು ಸ್ಪಂದಗಳು, ಎಂದರೆ ಕ್ಷಣಮಾತ್ರದ ಮಿಣುಕುಗಳು. ಎರಡರ ನಡುವೆ ಎಷ್ಟು ಹೊತ್ತೋ, ಎರಡನೆಯದಾದ ಅಷ್ಟೇ ಹೊತ್ತಿಗೆ ಮೂರನೆಯ ಬೆಳಕೊಂದು ವಸ್ತುವಿನಿಂದಲೇ ಹೊಮ್ಮುತ್ತದೆ.

"ಮಧ್ಯದಲ್ಲಿ ಯಾರಾದ್ರೂ ಬಸ್ ಹತ್ತಿಬಿಟ್ರೆ ಸಾರ್?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದನಂತೆ.

"ಭೇಷ್! ಬಸ್ ಹತ್ತಿದೋನು ಎಕೋಗೆ ಇಲ್ಲ. ಅವನು ಮರೆತುಹೋದ ಅಣು. ಎರಡು ಶಂಖಕ್ಕೂ ನಡುವೆ ಹೊತ್ತು ಹೆಚ್ಚಾದಷ್ಟೂ ಬಸ್ ಹತ್ತೋರು ಹೆಚ್ಚು, ಗದ್ದಲ ಕಡಿಮೆ. ತಿಳೀತೇನು?"

ಈ ಮಾರ್ದನಿಯನ್ನು ಕಣ್ಣಾರೆ ನೋಡಬೇಕೆಂಬುದು ಅವರ ಜೀವಿತದ ಆಸೆಯಾಗಿತ್ತು. ಕಾಲೇಜಿನ ಗ್ಯಾಸ್ ಪ್ಲಾಂಟಿನ ಪಕ್ಕದ ಉಗ್ರಾಣವನ್ನು ಪ್ರಯೋಗಕ್ಕೆ ಬಿಟ್ಟುಕೊಡಿರೆಂದು ಅವರು ವರ್ಷ ವರ್ಷವೂ ಕೇಳಿದರು. ಮುರಿದ ಬೆಂಚುಗಳನ್ನಿಡಲು ಬೇರೆ ಜಾಗವಿಲ್ಲವೆಂದು ಆಡಳಿತ ವರ್ಷ ವರ್ಷವೂ ಹೇಳಿತು. ಅಷ್ಟರಲ್ಲಿ, 1973ರಲ್ಲಿ, ಡಾ. ಬಸವರಾಜೇಶ್ವರಿಯವರು ನಮ್ಮ ಕಾಲೇಜಿಗೆ ಬಂದರು. ಕೆಂಗೇರಿಯವರು. ಲೇಸರಿನ ಮೇಲೆ ಪಿಎಚ್.ಡಿ., ವಯಸ್ಸಿನಲ್ಲಿ ಚನ್ನಮಲ್ಲಪ್ಪನವರಿಗಿಂತ ಒಂದು ತಲೆಮಾರು ಚಿಕ್ಕವರು. ಅವರು ಒಂದೇ ಒಂದು ಸಲ ಕೇಳಿದರು. ಮುರಿದ ಬೆಂಚುಗಳಿಗೆ ಅದೇ ವಾರ ಬೇರೆ ಜಾಗ ಸಿಕ್ಕಿತು.

ಇಲ್ಲಿಂದ ಚನ್ನಮಲ್ಲಪ್ಪನವರ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು. ಅದನ್ನು ಅವರು ಮುಚ್ಚಿಟ್ಟುಕೊಂಡಿದ್ದೇನೆಂದು ಭಾವಿಸಿದ್ದರು. ಬಸವರಾಜೇಶ್ವರಿಯವರು ಕೈಗಾರಿಕಾ ವಸಾಹತುವಿನ ಲೇತ್ ಅಂಗಡಿಗಳನ್ನು ಸುತ್ತಿ, ನಾಯಂಡಹಳ್ಳಿಯ ಗುಜರಿಯಲ್ಲಿ ಹಿತ್ತಾಳೆಯ ತಗಡುಗಳನ್ನು ಆಯ್ದು ತಂದು, ತಾವೇ ನಿಂತು ಒಂದು ಲೇಸರನ್ನು ಕಟ್ಟಿದಾಗ ಕಾಲೇಜಿಗೆ ಕಾಲೇಜೇ ನೋಡಲು ಹೋಯಿತು, ಇವರು ಹೋಗಲಿಲ್ಲ. ಹೋಗದೆಯೂ ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಆಕೆಯ ಟೇಬಲ್ಲಿಗೆ ಟೀ ಬಿಸಿಯಾಗಿಯೇ ಬರುತ್ತದೆ. ಆಕೆಯ ತರಗತಿಗೆ ಹುಡುಗರು ಚಕ್ಕರ್ ಹಾಕುವುದಿಲ್ಲ. ಕರೆಂಟು ಹೋದರೂ ಆಕೆಯ ಪ್ರಯೋಗ ಮುಗಿದ ಮೇಲೆಯೇ ಹೋಗುತ್ತದೆ! ಇದೆಲ್ಲವನ್ನೂ ಅವರು ಮನಸ್ಸಿನಲ್ಲಿ ಹಿಟ್ಟಿನಂತೆ ನಾದುತ್ತಿದ್ದರು.

"ಏನ್ರೀ, ಅನ್ನ ಬಿಟ್ಟು ಯಾರನ್ನ ಅಗೀತಾ ಇದೀರಿ?" ಎಂದು ಜಗದಾಂಬಾ ಅವರು ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದರು.

"ಆ ಉಗ್ರಾಣ ನಾನು ಕೇಳಿದ್ದು."

"ಕೇಳಿದ್ರಿ. ಕೊಟ್ಟಿದ್ರೆ ಏನ್ ಮಾಡ್ತಿದ್ರಿ? ಮನೇಲಿ ಫ್ಯೂಸ್ ಹೋದ್ರೆ ಪಕ್ಕದ ಮನೆಯೋರನ್ನ ಕರೀತೀರಿ."

ಮಾತು ನಿಜವಾಗಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಇಷ್ಟಿದ್ದೂ, ಬಸವರಾಜೇಶ್ವರಿಯವರ ತಂದೆ ಕೆಂಗೇರಿಯಲ್ಲಿ ಹಾಸಿಗೆ ಹಿಡಿದು ಆಕೆ ದೀರ್ಘಕಾಲ ರಜೆ ಹಾಕಬೇಕಾಗಿ ಬಂದಾಗ, ಸಂಬಳ ಕಡಿತವಾಗದಂತೆ ಆಕೆಯ ತರಗತಿಗಳನ್ನೆಲ್ಲ ತಾವು ತೆಗೆದುಕೊಳ್ಳುವುದಾಗಿ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತವರು ಚನ್ನಮಲ್ಲಪ್ಪನವರೇ. ಆ ತರಗತಿಗಳಲ್ಲಿ ಹುಡುಗರು "ಮೇಡಂ ಲೇಸರ್ ಹೇಗೆ ಕಟ್ಟಿದ್ರು ಸಾರ್?" ಎಂದು ಕೇಳಿದರೆ ಅವರು ಒಂದು ಗುಟುಕು ನೀರು ಕುಡಿದು, ಒಂದು ಅಂಶವನ್ನೂ ಬಿಡದೆ, ಒಂದು ಹೊಗಳಿಕೆಯನ್ನೂ ಕಡಿಮೆ ಮಾಡದೆ ವಿವರಿಸುತ್ತಿದ್ದರು. ಪಾಠ ಸರಿಯಾಗಿಯೇ ಹೇಳಬೇಕಲ್ಲ. ಆಮೇಲೆ ಸ್ಟಾಫ್ ರೂಮಿಗೆ ಬಂದು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು.

1977ರ ಕಾರ್ತಿಕದಲ್ಲಿ ಸುದ್ದಿ ಸ್ಫೋಟಿಸಿತು. ಬಸವರಾಜೇಶ್ವರಿಯವರಿಗೆ ಬೆಳಕಿನ ಮಾರ್ದನಿ ಸಿಕ್ಕಿದೆ!

ಅವರು ಪ್ರಯೋಗವನ್ನು ಹೂಡಿದ್ದ ಬಗೆ ಇದು. ಲೇಸರಿನ ಹಳದಿ ಬೆಳಕನ್ನು ಒಂದು ಗಾಜು ಎರಡಾಗಿ ಸೀಳುತ್ತದೆ. ಒಂದು ಭಾಗ ಹತ್ತಿರದ ಕನ್ನಡಿಯನ್ನು ಮುಟ್ಟಿ ಬೇಗ ಬರುತ್ತದೆ, ಅದು ಗಿಡ್ಡ ದಾರಿ. ಇನ್ನೊಂದು ಎದುರು ಗೋಡೆಯ ಬಳಿಯ ಕನ್ನಡಿಯವರೆಗೂ ಹೋಗಿ ತಡವಾಗಿ ಬರುತ್ತದೆ, ಅದು ಉದ್ದ ದಾರಿ. ಹೀಗೆ ಒಂದರ ಹಿಂದೊಂದಾಗಿ ಬಂದ ಎರಡು ಸ್ಪಂದಗಳು, ಕಾಯಿಸಿದ ಕೊಳವೆಯಲ್ಲಿ ದಟ್ಟವಾಗಿ ತುಂಬಿದ ಸೋಡಿಯಂ ಆವಿಯನ್ನು ಹೊಕ್ಕು ಹೊರಬೀಳುತ್ತವೆ. ಹೊರಬಂದದ್ದನ್ನು ತೋರಿಸಲು ಊರಿನ ಇನ್ನೊಂದು ಬದಿಯ ದೊಡ್ಡ ಸಂಸ್ಥೆಯಿಂದ ಎರವಲು ತಂದ ಆಸಿಲೋಸ್ಕೋಪ್ ಇತ್ತು. ಅದರ ಪರದೆಯ ಮೇಲೆ ಈಗ ಎರಡಲ್ಲ, ಮೂರು ಶಿಖರಗಳು ಕಾಣುತ್ತಿದ್ದವು. ದೂರದ ಕನ್ನಡಿಯನ್ನು ಹಿಂದಕ್ಕೆ ಸರಿಸಿದರೆ ಮೂರನೆಯದೂ, ಶಾಸ್ತ್ರ ಹೇಳಿದಷ್ಟೇ ಅಂತರಕ್ಕೆ, ವಿಧೇಯವಾಗಿ ಸರಿಯುತ್ತಿತ್ತು.

ಆಡಳಿತ ಮಂಡಳಿ ಹಿಗ್ಗಿಹೋಯಿತು. ವಿಚಾರ ಸಂಕಿರಣವೊಂದು ಏರ್ಪಾಡಾಯಿತು. ದಪ್ಪ ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಬಸವರಾಜೇಶ್ವರಿಯವರ ಹೆಸರನ್ನು ಅಚ್ಚು ಹಾಕಿಸಿದ ಆಮಂತ್ರಣ ಪತ್ರಿಕೆ ಊರ ತುಂಬ ಹೋಯಿತು. ದೊಡ್ಡ ಸಂಸ್ಥೆಯ ವಿದ್ವಾಂಸರೆಲ್ಲ ಬರುವವರಿದ್ದರು. ಚನ್ನಮಲ್ಲಪ್ಪನವರ ಹೆಸರೂ ಪತ್ರಿಕೆಯಲ್ಲಿತ್ತು. ವಂದನಾರ್ಪಣೆಯ ಎದುರಿಗೆ.

ಪತ್ರಿಕೆ ಕೈಗೆ ಬಂದ ಶನಿವಾರ ಮಧ್ಯಾಹ್ನ ಅವರು ಮೊದಲ ಬಾರಿಗೆ ಆ ಉಗ್ರಾಣಕ್ಕೆ ಕಾಲಿಟ್ಟರು. ವಂದನೆ ಹೇಳುವವನು ಒಮ್ಮೆ ನೋಡಿರಬೇಕಲ್ಲ ಎಂಬುದು ನೆಪ. ಬಸವರಾಜೇಶ್ವರಿಯವರು ಸಡಗರದಿಂದ ಕನ್ನಡಿಯನ್ನು ಹಿಂದೆ ಮುಂದೆ ಸರಿಸಿ ತೋರಿಸಿದರು. ಇವರು ಪರದೆಯನ್ನೇ ನೋಡಿದರು. ಮೂರನೆಯ ಶಿಖರ ಚೆಂದವಾಗಿ ನಿಂತಿತ್ತು. ಕನ್ನಡಿ ದೂರ ಹೋದಂತೆ ಅದೂ ದೂರ ಹೋಯಿತು. ಆದರೆ ಗಿಡ್ಡಗಾಗಲಿಲ್ಲ.

ಹೊರಬಂದವರಿಗೆ ಮನೆಯವರೆಗೂ ಅದೇ ಯೋಚನೆ. ಹೊತ್ತು ಹೆಚ್ಚಿದರೆ ಮಾರ್ದನಿ ಸೊರಗಬೇಕು. ಸೋಡಿಯಂ ಅಣು ಬಹಳ ಬೇಗ ಮರೆಯುವ ಪ್ರಾಣಿ. ಇಲ್ಲಿ ಯಾರೂ ಮರೆಯುತ್ತಿಲ್ಲ. ಆಕೆಯ ಯಾತ್ರೆಯಲ್ಲಿ ಒಬ್ಬನೂ ಬಸ್ಸು ಹತ್ತಿಲ್ಲ!

ಹಿಗ್ಗು ಬಂತು. ಹಿಗ್ಗಿನ ಹಿಂದೆಯೇ ಭಯವೂ ಬಂತು. ಈ ಅನುಮಾನ ಭೌತಶಾಸ್ತ್ರದ್ದೋ, ಹೊಟ್ಟೆಕಿಚ್ಚಿನದೋ? ಆ ಪ್ರಯೋಗ ತನ್ನದಾಗಿದ್ದರೆ, ಬಂಗಾರದ ಅಕ್ಷರದಲ್ಲಿ ತನ್ನ ಹೆಸರಿದ್ದಿದ್ದರೆ, ಆ ಶಿಖರದ ಎತ್ತರವನ್ನು ತಾನು ಗಮನಿಸುತ್ತಿದ್ದೆನೇ? ಪ್ರಾಮಾಣಿಕವಾಗಿ ಕೇಳಿಕೊಂಡರು. ಇಲ್ಲ, ಗಮನಿಸುತ್ತಿರಲಿಲ್ಲ. ಹಾಗಾದರೆ ನೋಡಿದ್ದು ಕಿಚ್ಚಿನ ಕಣ್ಣೇ. ಮಾತಾಡಿದರೆ ಕಾಲೇಜಿನಲ್ಲಿ ಯಾರೂ ಅದನ್ನು ವಿದ್ಯೆ ಎನ್ನುವುದಿಲ್ಲ, ಮುದುಕನ ಸಂಕಟ ಎನ್ನುತ್ತಾರೆ. ಮಾತಾಡದಿದ್ದರೆ? ದೊಡ್ಡ ಸಂಸ್ಥೆಯವರು ಮೂರ್ಖರಲ್ಲ. ಸಭೆಯಲ್ಲಿ ಯಾರಾದರೊಬ್ಬರು ಇದೇ ಪ್ರಶ್ನೆ ಎತ್ತುತ್ತಾರೆ, ಎಲ್ಲರ ಮುಂದೆ ಆಕೆಯ ಮುಖ ಕಪ್ಪಿಡುತ್ತದೆ. ಆಮೇಲೆ ತಾನು ಎದ್ದು, ತಣ್ಣಗೆ, ಎಲ್ಲರಿಗೂ ವಂದನೆ ಅರ್ಪಿಸಬಹುದು. ಆ ದೃಶ್ಯವನ್ನು ಅವರು ಮನಸ್ಸಿನಲ್ಲಿ ಒಂದಲ್ಲ, ಹಲವು ಬಾರಿ ಆಡಿಸಿ ನೋಡಿದರು. ಪ್ರತಿ ಬಾರಿಯೂ ಅದು ಸಿಹಿಯಾಗಿತ್ತು.

ಎರಡು ದಿನ ಕಳೆದು ಸೋಮವಾರ ಬಂತು. ಮಠದಲ್ಲಿ ಆ ಸಂಜೆ ಬಹಳ ಮಂದಿ ಇರಲಿಲ್ಲ. ವಾಚನಕಾರರು ಪದ್ಯದ ಕೊನೆಯನ್ನು ಎಳೆದು ನಿಲ್ಲಿಸಿದಾಗ ಖಾಲಿ ಹಜಾರದ ಗೋಡೆ ಅದನ್ನು ಒರಟಾಗಿ ಹಿಂದಿರುಗಿಸಿತು. ಹಿಂದಿನ ಕಂಬಕ್ಕೆ ಒರಗಿದ್ದ ಚನ್ನಮಲ್ಲಪ್ಪನವರು ನೆಟ್ಟಗಾದರು. ಮಂದಿ ಇಲ್ಲದಾಗ ಓದಿ ನೋಡು, ಆಗಲೂ ಕೇಳಿಸಿದರೆ ಅದು ಗೋಡೆಯದು! ಗಿಡ್ಡ ದಾರಿಯನ್ನು ಮುಚ್ಚಬೇಕು. ಮೊದಲ ಶಂಖವನ್ನೇ ಊದದಿದ್ದರೆ ಯಾತ್ರಿಕರು ಹೊರಡುವುದೇ ಇಲ್ಲ, ಹೊರಡದವರು ಹಿಂದಿರುಗುವುದೂ ಇಲ್ಲ. ಆಗಲೂ ಮೂರನೆಯ ಶಿಖರ ನಿಂತಿದ್ದರೆ ಅದು ಆವಿಯ ನುಡಿಯಲ್ಲ, ಯಾವುದೋ ಗಾಜಿನದು.

ಮಂಗಳಾರತಿಗೆ ಕೈಯೊಡ್ಡಿ ನಿಂತಾಗ ಅವರು ದೇವರನ್ನು ಕೇಳಿಕೊಂಡದ್ದು ಕಿಚ್ಚು ಆರಲಿ ಎಂದಲ್ಲ. ಅದು ಆರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದರ ಅಳತೆ ಎಷ್ಟೆಂದು ಹೇಳುವ ಬಾಯಿ ಕೊಡು ಎಂದು ಕೇಳಿಕೊಂಡರು.

ಮಂಗಳವಾರ ಕಾಲೇಜು ತೆರೆದೊಡನೆ ಆಮಂತ್ರಣ ಪತ್ರಿಕೆಯನ್ನು ಹಿಡಿದು ಉಗ್ರಾಣಕ್ಕೆ ಹೋದರು. ಅಟೆಂಡರ್ ಬೈರಯ್ಯ ಕೊಳವೆಯ ಕುಲುಮೆಯ ಬಳಿ ನಿಂತಿದ್ದ.

"ಬನ್ನಿ ಸಾರ್, ಟೀ ತರಿಸ್ಲಾ?" ಎಂದರು ಬಸವರಾಜೇಶ್ವರಿಯವರು.

"ಟೀ ಬೇಡಮ್ಮ. ಮೊದಲು ಒಂದು ಮಾತು ಹೇಳಿಬಿಡಬೇಕು. ನನಗೆ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು."

"ಗೊತ್ತು ಸಾರ್."

ಚನ್ನಮಲ್ಲಪ್ಪನವರು ತಬ್ಬಿಬ್ಬಾದರು. "ಗೊತ್ತಾ?"

"ಇಡೀ ಕಾಲೇಜಿಗೇ ಗೊತ್ತು ಸಾರ್. ಕ್ಯಾಂಟೀನಿನೋರಿಗೂ ಗೊತ್ತು. ನಿಮಗೆ ಟೀ ತಣ್ಣಗೆ ಬಂದ್ರೆ ನನ್ನ ಕಡೆ ನೋಡ್ತೀರಂತೆ."

ಬೈರಯ್ಯ ಕೆಮ್ಮಿದ.

"ಹಾಗಾದ್ರೆ ಕೆಲಸ ಸಲೀಸಾಯ್ತು. ಇದು ನನ್ನ ಜೀರೋ ಎರರ್ ಅಂತ ಇಟ್ಕೊಳ್ಳಿ. ಈಗ ನಾನು ಹೇಳೋದರಲ್ಲಿ ಅಷ್ಟನ್ನ ಕಳೆದುಬಿಡಿ. ಕಳೆದ ಮೇಲೂ ಏನಾದ್ರೂ ಉಳಿದ್ರೆ ಅದನ್ನ ಮಾತ್ರ ತಗೊಳ್ಳಿ. ನಿಮ್ಮ ಎಕೋ ಸೊರಗ್ತಾ ಇಲ್ಲ. ಗಿಡ್ಡ ದಾರಿ ಮುಚ್ಚಿ ನೋಡಿದೀರಾ?"

"ಎಕೋಗೆ ಎರಡೂ ಬೇಕಲ್ವಾ ಸಾರ್? ಒಂದು ಮುಚ್ಚಿಬಿಟ್ರೆ ನೋಡೋಕೆ ಏನಿರುತ್ತೆ?"

"ಏನೂ ಇರಬಾರದು. ಅದನ್ನೇ ನೋಡೋದು."

ಬಸವರಾಜೇಶ್ವರಿಯವರು ಪರದೆಯ ಮೇಲಿನ ಮೂರನೆಯ ಶಿಖರವನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಿಯ ಕಡೆ ಕೈ ತೋರಿಸಿ, "ನೀವೇ ಮುಚ್ಚಿ ಸಾರ್" ಎಂದರು.

"ನಾನು ಬೇಡಮ್ಮ. ಆಮೇಲೆ ಮುದುಕ ಏನೋ ಅಲುಗಾಡಿಸಿದ ಅಂತಾರೆ."

"ಅನ್ನೋಕೆ ಇಲ್ಲಿ ಯಾರಿದಾರೆ? ಬೈರಯ್ಯ ಒಬ್ಬ."

"ನಾನೇನೂ ನೋಡ್ತಿಲ್ಲ ಬುದ್ಧಿ" ಎಂದು ಬೈರಯ್ಯ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

ಮುಚ್ಚಲು ಕೈಯಲ್ಲಿದ್ದದ್ದು ಆ ಪತ್ರಿಕೆಯೊಂದೇ. ಚನ್ನಮಲ್ಲಪ್ಪನವರು ಅದನ್ನೇ ಹತ್ತಿರದ ಕನ್ನಡಿಯ ಮುಂದೆ ಹಿಡಿದರು. ಹಳದಿ ಬೆಳಕು ಆಕೆಯ ಹೆಸರಿನ ಮೇಲೆ ಬಿದ್ದು ಬಂಗಾರದ ಅಕ್ಷರಗಳು ಮಿನುಗಿದವು. ಪರದೆಯ ಮೇಲೆ ಮೊದಲ ಶಿಖರ ಅಳಿಸಿಹೋಯಿತು. ಎರಡನೆಯದು ಉಳಿಯಿತು, ಉಳಿಯಬೇಕಾದದ್ದೇ. ಮೂರನೆಯದು?

ಮೂರನೆಯದು ಕೂದಲೆಳೆಯಷ್ಟೂ ಕದಲದೆ ಅಲ್ಲಿಯೇ ನಿಂತಿತ್ತು.

ಉದ್ದ ದಾರಿಯ ಬಾಯಲ್ಲಿ ಬೆಳಕನ್ನು ಹದಮಾಡಲು ಬಸವರಾಜೇಶ್ವರಿಯವರೇ ಇಟ್ಟಿದ್ದ ಗಾಜಿನ ತುಂಡೊಂದಿತ್ತು. ದೂರದ ಕನ್ನಡಿಯಿಂದ ಬಂದ ಬೆಳಕಿನಲ್ಲಿ ಒಂದು ಪಾಲು ಆ ಗಾಜಿಗೆ ತಗುಲಿ ಹಿಂದಿರುಗಿ, ಮತ್ತೊಮ್ಮೆ ಕನ್ನಡಿಯವರೆಗೂ ಹೋಗಿ, ಮತ್ತಷ್ಟೇ ತಡವಾಗಿ ಬರುತ್ತಿತ್ತು. ಮಾರ್ದನಿ ಬರಬೇಕಾದ ಗಳಿಗೆಗೆ ಸರಿಯಾಗಿ, ಮಾರ್ದನಿಯ ವೇಷ ತೊಟ್ಟು. ಕನ್ನಡಿ ಸರಿದಂತೆ ಅದೂ ಸರಿಯುತ್ತಿದ್ದದ್ದು ಅದಕ್ಕೇ.

ಚನ್ನಮಲ್ಲಪ್ಪನವರು ರಟ್ಟನ್ನು ಕೆಳಗಿಳಿಸಿದರು. ಮುಖವನ್ನು ಬಿಗಿಹಿಡಿದರು.

"ನಕ್ಕುಬಿಡಿ ಸಾರ್, ತಡ್ಕೋಬೇಡಿ" ಎಂದರು ಬಸವರಾಜೇಶ್ವರಿಯವರು, ಸ್ಟೂಲಿನ ಮೇಲೆ ಕುಸಿದು ಕುಳಿತು.

ಅವರು ನಗಲಿಲ್ಲ. ನಗಬೇಕೆಂದು ಹೊರಟ ಬಾಯಿ ಅರ್ಧದಲ್ಲೇ ನಿಂತಿತು. ಆಕೆಯದು ಸುಳ್ಳಾದರೆ ತನ್ನದೇನೂ ನಿಜವಾಗಲಿಲ್ಲ. ಇಷ್ಟು ದಿನ ಊರಿನಲ್ಲಿ ಒಂದು ಮಾರ್ದನಿಯಿತ್ತು, ಅದು ತನ್ನದಲ್ಲ ಎಂಬ ದುಃಖವಿತ್ತು. ಈಗ ಮಾರ್ದನಿಯೇ ಇಲ್ಲ. ಅಸೂಯೆ ಪಡಲು ಸಹ ಏನೂ ಉಳಿದಿರಲಿಲ್ಲ, ಅದು ಅಸೂಯೆಗಿಂತ ಕೆಟ್ಟದಾಗಿತ್ತು.

ವಿಚಾರ ಸಂಕಿರಣ ರದ್ದಾಗಲಿಲ್ಲ. ಬಸವರಾಜೇಶ್ವರಿಯವರು ವೇದಿಕೆಯೇರಿ, ತಾವು ಕಂಡದ್ದು ಮಾರ್ದನಿಯಲ್ಲವೆಂದೂ, ಅದು ಹೇಗೆ ಮೋಸ ಮಾಡಿತೆಂದೂ, ಯಾವ ಪರೀಕ್ಷೆಯಿಂದ ಸಿಕ್ಕಿಬಿತ್ತೆಂದೂ, ಪರೀಕ್ಷೆಯನ್ನು ಸೂಚಿಸಿದವರು ಯಾರೆಂದೂ ಸ್ಪಷ್ಟವಾಗಿ ಹೇಳಿ ಇಳಿದರು. ದೊಡ್ಡ ಸಂಸ್ಥೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಂದನಾರ್ಪಣೆ ಮುಗಿಸಿ ಮನೆಗೆ ಬಂದ ಚನ್ನಮಲ್ಲಪ್ಪನವರು ಜಗದಾಂಬಾ ಅವರಿಗೆ ಹೇಳಿದ ಮೊದಲ ಮಾತು: "ತಪ್ಪು ಹೇಳಿಯೂ ಚಪ್ಪಾಳೆ ಹೊಡೆಸ್ಕೊಂಡ್ಳಲ್ಲೇ! ನಾನು ಸರಿ ಹೇಳಿದಾಗ ಬೈರಯ್ಯ ಕೂಡ ಬೆನ್ನು ಹಾಕಿ ನಿಂತಿದ್ದ!"

ನಿಜವಾದ ಮಾರ್ದನಿ ಮಾತ್ರ ಒಲಿಯಲಿಲ್ಲ. ಗಾಜನ್ನು ತೆಗೆದ ಮೇಲೆ ಪರದೆಯಲ್ಲಿ ಎರಡೇ ಶಿಖರ. ಅಣುಗಳು ಹೆಚ್ಚಿದ್ದರೆ ನುಡಿಯೂ ಹೆಚ್ಚೆಂಬ ನಂಬಿಕೆಯಿಂದ ಬಸವರಾಜೇಶ್ವರಿಯವರು ಕುಲುಮೆಯನ್ನು ಇನ್ನಷ್ಟು ಕಾಯಿಸಿದರು, ಆವಿಯನ್ನು ಇನ್ನಷ್ಟು ದಟ್ಟವಾಗಿಸಿದರು. ಏನೂ ಆಗಲಿಲ್ಲ. ಎರವಲಿನ ಆಸಿಲೋಸ್ಕೋಪನ್ನು ಹಿಂದಿರುಗಿಸುವ ದಿನ ಹತ್ತಿರವಾಯಿತು.

ಕಾರಣ ಚನ್ನಮಲ್ಲಪ್ಪನವರಿಗೆ ಗೊತ್ತಿತ್ತು. ಅವರು ಪೆನ್ಸಿಲು ಹಿಡಿದು ವರ್ಷಗಟ್ಟಲೆ ಲೆಕ್ಕ ಹಾಕಿದ್ದೇ ಅದನ್ನು. ಆವಿ ಅತಿ ದಟ್ಟವಾದರೆ ಮೊದ ಮೊದಲಿನ ಅಣುಗಳೇ ದುರ್ಬಲವಾದ ಮೊದಲ ಸ್ಪಂದವನ್ನು ನುಂಗಿಬಿಡುತ್ತವೆ, ಒಳಗಿನವಕ್ಕೆ ಶಂಖವೇ ಕೇಳಿಸುವುದಿಲ್ಲ. ಕುಲುಮೆಯನ್ನು ತುಸು ತಣಿಸಬೇಕು, ಕಾಯಿಸಬಾರದು. ಎಷ್ಟು ದಟ್ಟಣೆಗೆ ಎಂಥ ಸ್ಪಂದ ಬೇಕೆಂಬುದು ಅವರ ಕೈಯಲ್ಲಿತ್ತು. ಅದನ್ನು ಪತ್ರಿಕೆಗೆ ಕಳಿಸಿದರೆ ಹೆಸರು ಅವರೊಬ್ಬರದೇ. ಒಳಗಿನ ಕೆಂಡ ಅದನ್ನೇ ಹೇಳುತ್ತಿತ್ತು. ಒಂದು ವಾರ ಅದರ ಮಾತನ್ನು ಪೂರ್ತಿ ಕೇಳಿದರು, ಕೇಳುವುದು ಅವರ ಅಭ್ಯಾಸವಲ್ಲವೇ. ಆಮೇಲೆ ಹೋಗಿ ಬಸವರಾಜೇಶ್ವರಿಯವರ ಮುಂದೆ ಲೆಕ್ಕದ ಹಾಳೆಗಳನ್ನಿಟ್ಟು, "ಎರರ್ ಅಷ್ಟೇ ಇದೆ, ಕಡಿಮೆ ಏನಾಗಿಲ್ಲ. ಕಳೆದು ಓದಿ" ಎಂದರು.

ಸಂಕ್ರಾಂತಿಯಾದ ಮೇಲೊಂದು ಬೆಳಿಗ್ಗೆ ಅವರು ಪಾಠ ಹೇಳುತ್ತಿದ್ದಾಗ ಬೈರಯ್ಯ ಬಾಗಿಲಲ್ಲಿ ಬಂದು ನಿಂತ. "ಬುದ್ಧಿ, ಮೇಡಂ ಕರೀತವ್ರೆ. ರಟ್ಟು ತರಬೇಕಂತೆ."

ಹೋದರು. ಕುಲುಮೆ ಹದವಾಗಿತ್ತು. ಪರದೆಯ ಮೇಲೆ ಎರಡು ದೊಡ್ಡ ಶಿಖರಗಳಾಚೆ, ಹಸುಗೂಸಿನ ಉಸಿರಿನಂತೆ, ಚಿಕ್ಕದೊಂದು ಮೂರನೆಯದು. ಬಸವರಾಜೇಶ್ವರಿಯವರು ಕನ್ನಡಿಯನ್ನು ದೂರ ಸರಿಸಿದರು. ಅದು ಸರಿಯಿತು, ಸರಿಯುತ್ತ ಸೊರಗಿತು. ಯಾತ್ರಿಕರು ಬಸ್ಸು ಹತ್ತುತ್ತಿದ್ದರು! ಚನ್ನಮಲ್ಲಪ್ಪನವರು ಅದೇ ಆಮಂತ್ರಣ ಪತ್ರಿಕೆಯನ್ನು ಹತ್ತಿರದ ಕನ್ನಡಿಗೆ ಅಡ್ಡ ಹಿಡಿದರು. ಮೊದಲನೆಯದು ಅಳಿಯಿತು. ಮೂರನೆಯದೂ ಅಳಿಯಿತು.

"ಹೋಯ್ತು!" ಎಂದು ಕೂಗಿದರು. ತೆಗೆದರು, ಬಂತು. ಹಿಡಿದರು, ಹೋಯಿತು. ಕಿಟಕಿಯ ಪರದೆಯೊಡನೆ ಆಡುವ ಮಗುವಿನಂತೆ ಅವರು ಹಿಡಿಯುತ್ತ ತೆಗೆಯುತ್ತ ನಿಂತುಬಿಟ್ಟರು. ತಾವು ಕಂಬದ ಬುಡದಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಇದು ಗೋಡೆಯದಲ್ಲ.

ಪ್ರಬಂಧ ಪ್ರಕಟವಾದಾಗ ಅದರಲ್ಲಿ ಇಬ್ಬರ ಹೆಸರೂ ಇತ್ತು, ಬಸವರಾಜೇಶ್ವರಿಯವರದು ಮೊದಲು. ಹಾಗಿರಬೇಕೆಂದು ಬರೆದುಕೊಟ್ಟವರು ಚನ್ನಮಲ್ಲಪ್ಪನವರೇ. ಮನೆಗೆ ಬಂದು ಆ ರಾತ್ರಿ ಉಪ್ಪಿಟ್ಟು ಸರಿಯಿಲ್ಲ ಎಂದರು.

"ಅಷ್ಟು ಸಂಕಟ ಇದ್ರೆ ನನ್ನ ಹೆಸರು ಮೊದಲು ಹಾಕಿ ಅನ್ಬೇಕಿತ್ತು" ಎಂದರು ಜಗದಾಂಬಾ ಅವರು.

"ಅದು ಸರಿಯಲ್ಲವಲ್ಲೇ."

"ಮತ್ತೆ ಉಪ್ಪಿಟ್ಟಿಗೆ ಯಾಕೆ ಬೈತೀರಿ?"

ಕಳೆದ ವಾರ, ಕೊನೆಯ ಪಾಠ ಮುಗಿಸಿದ ಚನ್ನಮಲ್ಲಪ್ಪನವರು ಬಸವರಾಜೇಶ್ವರಿಯವರನ್ನು ಕಾಣಲು ಉಗ್ರಾಣಕ್ಕೆ ಹೋದರು. ಹತ್ತಿರದ ಕನ್ನಡಿಯ ಪಕ್ಕದಲ್ಲಿ, ಬೆಳಕಿಗೆ ಅಡ್ಡ ಹಿಡಿಯಲೆಂದೇ ಇಟ್ಟುಕೊಂಡಿದ್ದ ಆ ಹಳೆಯ ಆಮಂತ್ರಣ ಪತ್ರಿಕೆ ಮೂಲೆ ಸವೆದು, ಬಂಗಾರ ಉದುರಿ ಹೋಗಿತ್ತು. ಅದನ್ನು ಬದಲಾಯಿಸಲಾಗಿತ್ತು. ಈಗ ಮೊಳೆಗೆ ತಗುಲಿಸಿದ್ದುದು ಹೊಸ ರಟ್ಟು, ದಪ್ಪನೆಯದು. ಹತ್ತಿರ ಹೋಗಿ ಓದಿದರು. ಪ್ರೊ. ಚನ್ನಮಲ್ಲಪ್ಪನವರ ಅಭಿನಂದನ ಸಮಾರಂಭ.

"ಏನಮ್ಮ ಇದು? ನನ್ನ ಹೆಸರಿನ ಮೇಲೆ ಬೆಳಕು ಬೀಳಿಸೋದು ಅಂದ್ರೆ ಇದೇನಾ?"

"ಹೌದು ಸಾರ್. ದಿನಾ ಬೀಳುತ್ತೆ. ನನ್ನ ಹೆಸರಿನ ಮೇಲೆ ಬಿದ್ದಿದ್ದು ಎರಡು ವರ್ಷಾನೂ ಆಗಿಲ್ಲ, ನಿಮ್ಮದು ಎಷ್ಟು ವರ್ಷ ಇರುತ್ತೋ! ನನಗೆ ಈಗಲೇ ಹೊಟ್ಟೆಕಿಚ್ಚು."

ಚನ್ನಮಲ್ಲಪ್ಪನವರು ಆ ರಟ್ಟನ್ನು ಮೊಳೆಯಿಂದ ತೆಗೆದು, ತಿರುಗಿಸಿ ನೋಡಿ, ಮತ್ತೆ ತಗುಲಿಸಿದರು. ಕೊನೆಗೆ, "ಬರೆದಿಟ್ಟುಕೊಳ್ಳಿ. ಹಾಳೆಯ ತಲೆ ಮೇಲೆ" ಎಂದರು. ಅಂದಿನ ಟೀ ಅವರಿಗೆ ಅಲ್ಲಿಯೇ ಬಂತು, ಬಿಸಿಯಾಗಿಯೇ ಬಂತು.

ನಿವೃತ್ತಿಯ ನಂತರವೂ ಅವರು ವಾರಕ್ಕೊಮ್ಮೆ ಬಂದು ಆ ರಟ್ಟನ್ನು ಕೈಯಲ್ಲಿ ಹಿಡಿಯುವುದೆಂದು ಉಭಯತ್ರರಲ್ಲಿಯೂ ನಿಶ್ಚಯವಾಗಿದೆ. ಬಂಗಾರವೆಲ್ಲ ಉದುರಿ, ಮೂಲೆಗಳು ಸವೆದು, ಇನ್ನೊಂದನ್ನು ಅಚ್ಚು ಹಾಕಿಸಬೇಕಾಗಿ ಬರುವಷ್ಟು ದೀರ್ಘವಾದ ಆಯುಸ್ಸನ್ನೂ, ಲೆಕ್ಕ ಹಾಕುವ ಕೈಗೆ ಬಲವನ್ನೂ, ಸೊನ್ನೆಯಿಂದ ತುಸು ಆಚೆಗೇ ನಿಲ್ಲುವ ಆ ಗೆರೆಯನ್ನು ನೋಡಿ ಹೇಳುವ ಕಣ್ಣನ್ನೂ ಭಗವಂತನು ಅವರಿಗೆ ಕರುಣಿಸಲಿ.